ರೊಟ್ಟಿ ಬಡಿಯುವ ಕೈಗೆ ಟೆನಿಸ್ ಎಲ್ಬೋ: ಗದಗದಿಂದ ಧಾರವಾಡದವರೆಗೆ ಒಂದು ಕೇಸು

ಹುಬ್ಬಳ್ಳಿಯಲ್ಲಿ ಎಲುಬಿನ ಡಾಕ್ಟರಿಗೆ ಬರ ಇಲ್ಲ. ವಿದ್ಯಾನಗರದಿಂದ ಕೇಶ್ವಾಪುರದವರೆಗೆ ಬೋರ್ಡು ನೋಡುತ್ತಾ ಹೋದರೆ ಸಾಕು. ಬರ ಇರುವುದು ಬೇರೆ ಕಡೆ. ವರ್ಷ ಹಳೆಯದಾದ ಮೊಣಕೈ ನೋವು ಹಿಡಿದುಕೊಂಡು ಬಂದವರನ್ನು ಕೂರಿಸಿಕೊಂಡು, ನೀವು ದಿನಾ ಈ ಕೈಯಿಂದ ಏನೇನು ಮಾಡುತ್ತೀರಿ ಅಂತ ಕೇಳಿ, ಆಮೇಲೆ ಮೂರ್ನಾಲ್ಕು ತಿಂಗಳು ಬೆನ್ನು ಬಿಡದೆ ನೋಡುವವರು ಸಿಗುವುದು ಕಷ್ಟ. ನಮ್ಮ ಅಕ್ಕನ ಕೇಸನ್ನು ಪೂರ್ತಿ ಬರೆಯುತ್ತಿರುವುದು ಅದಕ್ಕೇ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುವುದಿಲ್ಲ. ಆಸ್ಪತ್ರೆಗಳ ಹೆಸರೂ ಬೇಡ, ಒಳ್ಳೆಯದಾದದ್ದಕ್ಕೂ ಬೇಡ, ಕೆಟ್ಟದ್ದಾದದ್ದಕ್ಕೂ ಬೇಡ.

ವಯಸ್ಸು 46. ಊರು ಗದಗ-ಬೆಟಗೇರಿ. ಮನೆಯಲ್ಲೇ ರೊಟ್ಟಿ ಕೇಂದ್ರ, ಸಹಾಯಕ್ಕೆ ಇಬ್ಬರು ಹೆಣ್ಣುಮಕ್ಕಳು. ಖಾನಾವಳಿಗಳಿಗೆ ಬಿಸಿ ರೊಟ್ಟಿ, ಮದುವೆ ಮನೆಗಳಿಗೆ ಮತ್ತು ಬೆಂಗಳೂರು ಪಾರ್ಸಲ್‌ಗೆ ಕಡಕ್ ರೊಟ್ಟಿ, ಸಂಕ್ರಾಂತಿ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಬಲಗೈಯವಳು. ಶುಗರ್ ಇದೆ, ಮಾತ್ರೆ ತಗೊಳ್ಳುತ್ತಾಳೆ. ಶುಗರ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನೋವು ಶುರುವಾದದ್ದು ಒಂದು ದೀಪಾವಳಿ ಆಸುಪಾಸು. ಮೊದಲು ಗೊತ್ತಾದದ್ದು ರೊಟ್ಟಿ ಬಡಿಯುವಾಗ ಅಲ್ಲ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಒದ್ದೆ ಬಟ್ಟೆ ಹಿಂಡುವಾಗ. ಹಿಂಡಿದ ಕೂಡಲೇ ಮೊಣಕೈಯ ಹೊರಬದಿಗೆ ಚಳಕ್ ಅಂತ ಹೊಡೆಯುತ್ತಿತ್ತು. ಆಮೇಲೆ ತುಂಬಿದ ಚಹಾ ಕಪ್ಪು ಎತ್ತುವಾಗ, ಬೀಗದ ಕೈ ತಿರುಗಿಸುವಾಗ, ಯಾರಾದರೂ ಕೈ ಕುಲುಕಿದಾಗ. ವಿಚಿತ್ರ ಅಂದರೆ ಬಡಿಯುವುದು ಮಾತ್ರ ನಡೆದೇ ಇತ್ತು. ಕೈ ಬಿಸಿಯಾದ ಮೇಲೆ ನೋವು ಅಡಗುತ್ತಿತ್ತು, ರಾತ್ರಿ ಬಡ್ಡಿ ಸಮೇತ ವಾಪಸ್ ಬರುತ್ತಿತ್ತು.

ಇದಕ್ಕೇ ಟೆನಿಸ್ ಎಲ್ಬೋ ಅನ್ನುತ್ತಾರೆ. ಒಳಗೆ ಏನಾಗಿರುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಕತೆ ಅರ್ಥ ಆಗುವುದಿಲ್ಲ. ಮೊಣಕೈಯ ಹೊರಗಡೆ ಬೆರಳಿಟ್ಟರೆ ಒಂದು ಎಲುಬಿನ ಗಂಟು ಸಿಗುತ್ತದೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಅಲ್ಲಿಗೆ ಬಂದು ಅಂಟಿಕೊಂಡಿರುತ್ತವೆ. ಅದರಲ್ಲಿ ಒಂದರ ಹೆಸರು ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್. ಸಾಮಾನ್ಯವಾಗಿ ಕೆಡುವುದು ಅದರ ಕಂಡರ, ಅಂದರೆ ಟೆಂಡನ್. ನಾವು ಏನನ್ನೇ ಗಟ್ಟಿ ಹಿಡಿದರೂ ಮಣಿಕಟ್ಟು ಬಾಗದಂತೆ ತಡೆದು ನಿಲ್ಲಿಸುವ ಕೆಲಸದಲ್ಲಿ ಈ ಸ್ನಾಯುವಿಗೆ ದೊಡ್ಡ ಪಾಲು. ಅದಕ್ಕೇ ಕಪ್ಪು, ಬೀಗ, ಬಟ್ಟೆ ಎಲ್ಲದರಲ್ಲೂ ನೋವು. ಮೊದಲೆಲ್ಲ ಇದನ್ನು ಬರೀ ಉರಿಯೂತ ಅಂತಲೇ ತಿಳಿದಿದ್ದರು. 1979ರಲ್ಲಿ ನಿರ್ಶಲ್ ಮತ್ತು ಪೆಟ್ರೋನ್ ಎಂಬ ಅಮೆರಿಕದ ಸರ್ಜನ್‌ಗಳು ಆಪರೇಶನ್‌ನಲ್ಲಿ ತೆಗೆದ ಕಂಡರದ ತುಣುಕುಗಳ ಬಗ್ಗೆ ಬರೆದರು. ಅದರಲ್ಲಿ ಉರಿಯೂತದ ಗುರುತಿಗಿಂತ ಜಾಸ್ತಿ ಕಂಡದ್ದು ದಿಕ್ಕು ತಪ್ಪಿ ಬೆಳೆದ ನಾರು ಮತ್ತು ಬೇಡದ ಸಣ್ಣ ರಕ್ತನಾಳ. ಜಿಗಿ ಇಲ್ಲದ ಹಿಟ್ಟು ಬಡಿದರೆ ಅಂಚಿನಲ್ಲಿ ಹೇಗೆ ಬಿರುಕು ಬಿಡುತ್ತದೋ, ಈ ಕಂಡರದ ಸ್ಥಿತಿಯೂ ಹಾಗೇ. ಅದನ್ನು ನೋವಿನ ಮಾತ್ರೆಯಿಂದ ಕೂಡಿಸಲು ಆಗುವುದಿಲ್ಲ.

ಗದಗದಲ್ಲೇ ಮೊದಲು ತೋರಿಸಿದ್ದು. ಎಕ್ಸ್‌ರೇ ನಾರ್ಮಲ್, ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತದೆ. ಮಾತ್ರೆ, ಹಚ್ಚಲು ಜೆಲ್ಲು, ಒಂದು ಬೆಲ್ಟು ಕೊಟ್ಟರು. ಬೆಲ್ಟನ್ನು ಹೇಗೆ ಕಟ್ಟಬೇಕು ಅಂತ ಯಾರೂ ತೋರಿಸಲಿಲ್ಲ. ಅಕ್ಕ ಅದನ್ನು ನೋವಿರುವ ಎಲುಬಿನ ಮೇಲೇ ಬಿಗಿದು ಓಡಾಡುತ್ತಿದ್ದಳು. ಅದು ಗಂಟಿನಿಂದ ಎರಡು ಬೆರಳಷ್ಟು ಕೆಳಗೆ, ಮುಂಗೈಯ ಮಾಂಸಖಂಡದ ಮೇಲೆ ಕೂರಬೇಕು. ಎಲುಬಿನ ಮೇಲೆ ಕಟ್ಟಿದರೆ ನೋಯುವ ಜಾಗವನ್ನೇ ಒತ್ತಿದಂತೆ, ಅಷ್ಟೇ.

ನಡುವೆ ಬೀಗರ ಸಲಹೆಗಳು ಶುರುವಾದವು. ಎಣ್ಣೆ ತಿಕ್ಕಿಸು, ಕಟ್ಟು ಹಾಕಿಸು. ಒಬ್ಬರು ಬರೆ ಹಾಕುವವರ ವಿಳಾಸವನ್ನೇ ತಂದುಕೊಟ್ಟರು. ಎಣ್ಣೆಗೆ ನನ್ನದೇನೂ ತಕರಾರಿಲ್ಲ, ಹಿತ ಅನಿಸಿದರೆ ಹಚ್ಚಿಕೊಳ್ಳಲಿ. ಆದರೆ ಶುಗರ್ ಇರುವವರ ಚರ್ಮವನ್ನು ಸುಟ್ಟು ಗಾಯ ಮಾಡುವುದು ಬೇಡವೇ ಬೇಡ.

ಸಂಕ್ರಾಂತಿ ಗದ್ದಲ ಮುಗಿದ ಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಬಂದೆವು. ಒಂದು ಖಾಸಗಿ ಆಸ್ಪತ್ರೆ. ಡಾಕ್ಟರು ಗಂಟನ್ನು ಒತ್ತಿದರು, ಅಕ್ಕ ಕೂಗಿದಳು, ಸ್ಟೀರಾಯ್ಡ್ ಇಂಜೆಕ್ಷನ್ ಆಯಿತು. ಐದು ನಿಮಿಷದ ಕೆಲಸ. ಅದರ ಪರಿಣಾಮ ಸುಳ್ಳಲ್ಲ, ಎರಡು ಮೂರು ದಿನದಲ್ಲಿ ನೋವು ಮಾಯ. ಅಷ್ಟು ದಿನ ಹಿಂಡಿದ ಕಣ್ಣೀರು ಮರೆತು ಅಕ್ಕ ಫೋನಿನಲ್ಲಿ ನಕ್ಕಳು. ಮುಂದೇನಾಗುತ್ತದೆ ಅಂತ ಹೇಳಬೇಕೇ? ನೋವಿಲ್ಲದ ಕೈ ಸುಮ್ನೆ ಕೂರುತ್ತದಾ? ಮದುವೆ ಸೀಸನ್ ಬೇರೆ. ತಿಂಗಳೊಪ್ಪತ್ತು ಚೆನ್ನಾಗಿತ್ತು, ಆಮೇಲೆ ನೋವು ಮೊದಲಿಗಿಂತ ಜೋರಾಗಿ ಬಂತು. ಆ ಮೊದಲ ವಾರ ಶುಗರ್ ಕೂಡ ಏರಿತ್ತು. ಸ್ಟೀರಾಯ್ಡ್ ಚುಚ್ಚಿದ ಮೇಲೆ ಕೆಲವು ದಿನ ಸಕ್ಕರೆ ಏರುವುದು ಗೊತ್ತಿರುವ ವಿಷಯ, ಆದರೆ ಚುಚ್ಚುವ ಮುಂಚೆ ಶುಗರ್ ಇದೆಯಾ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ.

ನಾಗರ ಪಂಚಮಿ ಹೊತ್ತಿಗೆ ಎರಡನೇ ಇಂಜೆಕ್ಷನ್. ಈ ಸಲ ಆರಾಮ ಇನ್ನೂ ಕಡಿಮೆ ದಿನ. ಜೊತೆಗೆ ಹೊಸದೊಂದು ಬಂತು. ಚುಚ್ಚಿದ ಜಾಗದಲ್ಲಿ ರೂಪಾಯಿ ಅಗಲದ ಬಿಳಿ ಕಲೆ. ಮುಟ್ಟಿದರೆ ಚರ್ಮ ತೆಳ್ಳಗಾಗಿ ಒಂಚೂರು ತಗ್ಗು ಬಿದ್ದದ್ದು ಗೊತ್ತಾಗುತ್ತಿತ್ತು. ಸ್ಟೀರಾಯ್ಡ್ ಚರ್ಮದ ಹತ್ತಿರ ಬಿದ್ದರೆ ಹೀಗೆ ಬಣ್ಣ ಹೋಗುವುದು, ಕೆಳಗಿನ ಕೊಬ್ಬು ಕರಗುವುದು ಆಗುತ್ತದೆ, ನಮ್ಮಂಥ ಕಪ್ಪು ಚರ್ಮದಲ್ಲಿ ಅದು ಎದ್ದು ಕಾಣುತ್ತದೆ. ರೊಟ್ಟಿ ಒಯ್ಯಲು ಬಂದ ಹೆಂಗಸೊಬ್ಬಳು ಎಲ್ಲರ ಮುಂದೆ ಕೇಳಿಯೇಬಿಟ್ಟಳು: "ಯಕ್ಕಾ, ತೊನ್ನು ಆತೇನ?" ಅಕ್ಕ ಅವತ್ತಿನಿಂದ ಉದ್ದ ತೋಳಿನ ಜಂಪರು ಹಾಕತೊಡಗಿದಳು. ಒಲೆಯ ಮುಂದೆ, ಆ ಸೆಕೆಯಲ್ಲಿ. ಮೊಣಕೈ ನೋವಿಗಿಂತ ಆ ಪ್ರಶ್ನೆಯೇ ಅವಳಿಗೆ ಜಾಸ್ತಿ ನೋವು ಕೊಟ್ಟಿತು ಅನ್ನಿಸುತ್ತದೆ.

ಆಗ ನಾನು ಓದಲು ಕೂತೆ. ಓದಿದ್ದರಲ್ಲಿ ಕಣ್ಣು ತೆರೆಸಿದ್ದು ಮೂರು ಅಧ್ಯಯನ. 2002ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ನೆದರ್ಲೆಂಡ್ಸ್‌ನ 185 ರೋಗಿಗಳ ಮೇಲಿನದು ಬಂತು. ಆರು ವಾರಕ್ಕೆ ನೋಡಿದರೆ ಇಂಜೆಕ್ಷನ್ ತಗೊಂಡವರೇ ಮುಂದೆ. ಒಂದು ವರ್ಷಕ್ಕೆ ನೋಡಿದರೆ ಲೆಕ್ಕ ತಲೆಕೆಳಗು: ಇಂಜೆಕ್ಷನ್‌ನವರಲ್ಲಿ ಶೇ. 69 ಮಂದಿಗೆ ಗುಣ, ಫಿಸಿಯೋಥೆರಪಿಯವರಲ್ಲಿ ಶೇ. 91, ಏನೂ ಮಾಡದೆ ಕಾದವರಲ್ಲೂ ಶೇ. 83. 2006ರಲ್ಲಿ ಆಸ್ಟ್ರೇಲಿಯಾದಲ್ಲಿ 198 ಜನರ ಮೇಲೆ ನೋಡಿದಾಗಲೂ ಅದೇ ಚಿತ್ರ, ಇಂಜೆಕ್ಷನ್‌ನಿಂದ ಮೊದಲು ಚೆನ್ನಾಗಿದ್ದವರಲ್ಲಿ ಶೇ. 72 ಮಂದಿಗೆ ನೋವು ಮರುಕಳಿಸಿತ್ತು. 2013ರಲ್ಲಿ ಅಲ್ಲಿನವರೇ 165 ಜನರ ಮೇಲೆ ಮತ್ತೆ ಮಾಡಿದರು. ಈ ಸಲ ಹೋಲಿಕೆಗೆ ಔಷಧಿಯೇ ಇಲ್ಲದ ಸೂಜಿ ಇತ್ತು. ವರ್ಷದ ಕೊನೆಗೆ ಸ್ಟೀರಾಯ್ಡ್ ಸಿಕ್ಕವರೇ ಹಿಂದೆ ಬಿದ್ದರು. ಅಂದರೆ ಅಕ್ಕನಿಗೆ ಆದದ್ದು ಅವಳ ಹಣೆಬರಹ ಅಲ್ಲ, ಪುಸ್ತಕದಲ್ಲಿ ಇದ್ದದ್ದೇ.

ದಸರಾ ಹೊತ್ತಿಗೆ ಇನ್ನೊಂದು ದೊಡ್ಡ ಆಸ್ಪತ್ರೆ, ಎಂಆರ್‌ಐ. ರಿಪೋರ್ಟಿನಲ್ಲಿ ಕಂಡರ ಭಾಗಶಃ ಹರಿದಿದೆ ಅಂತ ಬರೆದಿತ್ತು. ಹರಿದಿದೆ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಲ್ಲಿ ಎರಡು ದಾರಿ ಹೇಳಿದರು. ಒಂದು ಪಿಆರ್‌ಪಿ, ಅಂದರೆ ನಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಕಂಡರಕ್ಕೆ ಚುಚ್ಚುವುದು. ಅದಕ್ಕೆ ಹೇಳಿದ ರೇಟು ಕೇಳಿ ಭಾವ ಸುಮ್ಮನಾದ. ಇನ್ನೊಂದು ಆಪರೇಶನ್. "ತೆಂಡೂಲ್ಕರ್ ಕೂಡ ಮಾಡಿಸಿಕೊಂಡಿದ್ದಾರೆ" ಅಂದರು. ನಿಜ, 2004ರಲ್ಲಿ ಸಚಿನ್‌ಗೆ ಇದೇ ನೋವು ಬಂದು, 2005ರಲ್ಲಿ ಲಂಡನ್‌ನಲ್ಲಿ ಆಪರೇಶನ್ ಆಯಿತು. 2010ರಲ್ಲಿ ಗ್ವಾಲಿಯರ್‌ನಲ್ಲಿ ಅದೇ ಕೈಯಿಂದ ಏಕದಿನದಲ್ಲಿ ಇನ್ನೂರು ಹೊಡೆದರು. ಆದರೆ ಸಚಿನ್ ಹಿಂದೆ ಒಂದು ಇಡೀ ಕ್ರಿಕೆಟ್ ಮಂಡಳಿಯ ಫಿಸಿಯೋಗಳಿದ್ದರು. ಆಪರೇಶನ್ ಆದ ಮಾರನೇ ವಾರ ಅವರು ಖಾನಾವಳಿಗೆ ರೊಟ್ಟಿ ಕಳಿಸಬೇಕಾಗಿರಲಿಲ್ಲ.

ಪಿಆರ್‌ಪಿ ಬಗ್ಗೆ ಹುಡುಕಿದರೆ 2021ರ ಕಾಕ್ರೇನ್ ವಿಮರ್ಶೆ ಸಿಕ್ಕಿತು, ಅಂದರೆ ಆಗಲೇ ಆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ. 32 ಅಧ್ಯಯನ, 2,337 ರೋಗಿಗಳು. ಎಲ್ಲ ಕೂಡಿಸಿ ನೋಡಿದರೆ ಔಷಧಿ ಇಲ್ಲದ ಸುಳ್ಳು ಇಂಜೆಕ್ಷನ್‌ಗಿಂತ ಇದರಿಂದ ಹೆಚ್ಚಿನ ಲಾಭ ಬಹುಶಃ ಇಲ್ಲ ಅನ್ನುತ್ತದೆ. ಆಪರೇಶನ್ ವಿಷಯದಲ್ಲಿ 2018ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಸಣ್ಣ ಅಧ್ಯಯನ ಇದೆ, 26 ಜನ ಮಾತ್ರ. ಅರ್ಧ ಜನಕ್ಕೆ ನಿಜವಾದ ಆಪರೇಶನ್, ಉಳಿದರ್ಧಕ್ಕೆ ಬರೀ ಚರ್ಮ ಕೊಯ್ದು, ಕಂಡರ ಕಾಣುವವರೆಗೆ ಬಿಡಿಸಿ, ಅದನ್ನು ಮುಟ್ಟದೆ ಹೊಲಿದುಬಿಟ್ಟರು. ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. 26 ಜನರ ಲೆಕ್ಕ ಹಿಡಿದು ಆಪರೇಶನ್ನೇ ವೇಸ್ಟು ಅನ್ನಲು ನಾನು ಯಾರು? ಪೂರ್ತಿ ಹರಿದವರಿಗೆ, ಸರಿಯಾದ ವ್ಯಾಯಾಮ ಆರರಿಂದ ಹನ್ನೆರಡು ತಿಂಗಳು ಮಾಡಿಯೂ ಕೈ ಏಳದವರಿಗೆ ಅದು ಬೇಕಾಗಬಹುದು. ಆದರೆ ಅಕ್ಕ ಆ ವ್ಯಾಯಾಮವನ್ನು ಒಂದು ದಿನವೂ ಮಾಡಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತು ಸಿಟ್ಟಿಂಗು ಅಂತ ಒಂದು ಕಡೆ ಕರೆಂಟು ಹಿಡಿಸಿ, ಅಲ್ಟ್ರಾಸೌಂಡ್ ತಿಕ್ಕಿ, ಮೇಣದ ಕಾವು ಕೊಟ್ಟಿದ್ದರು. ಅದನ್ನೇ ಫಿಸಿಯೋಥೆರಪಿ ಆಯಿತು ಅಂತ ಫೈಲಿನಲ್ಲಿ ಬರೆದು, ಅದು ಕೆಲಸ ಮಾಡಲಿಲ್ಲ, ಆದ್ದರಿಂದ ಆಪರೇಶನ್ ಅಂತ ತೀರ್ಮಾನ. ನನಗೆ ಸಿಟ್ಟು ಬಂದದ್ದು ಇಲ್ಲಿ. ಕೈಯಿಂದ ಭಾರ ಎತ್ತಿಸದೆ, ಮಷಿನ್ ಹಚ್ಚಿ ಮಲಗಿಸಿ ಕಳಿಸಿದರೆ ಕಂಡರ ಗಟ್ಟಿಯಾಗುವುದು ಹೇಗೆ?

ಅಲ್ಲಿಂದ ಹುಡುಕುವ ರೀತಿ ಬದಲಾಯಿಸಿದೆವು. ದೊಡ್ಡ ಕಟ್ಟಡ, ಫಾರಿನ್ ಡಿಗ್ರಿ ನೋಡುವುದು ಬಿಟ್ಟು ರಿಸೆಪ್ಶನ್‌ಗೆ ಫೋನ್ ಮಾಡಿ ಕೇಳತೊಡಗಿದೆ: ಡಾಕ್ಟರು ಕೈಯ ಕೇಸು, ಅಂದರೆ ಭುಜ, ಮೊಣಕೈ, ಮಣಿಕಟ್ಟು ಜಾಸ್ತಿ ನೋಡುತ್ತಾರಾ, ಇಲ್ಲಾ ಮಂಡಿ ಬದಲಿಸುವುದೇ ಮುಖ್ಯವಾ? ಎರಡು ಇಂಜೆಕ್ಷನ್ ಆಗಿ ಫೇಲಾದವರಿಗೆ ಮುಂದೆ ಏನು ಮಾಡುತ್ತೀರಿ? ಫಿಸಿಯೋ ನಿಮ್ಮಲ್ಲೇ ಇದ್ದಾರಾ, ಅವರು ಎಂಪಿಟಿ, ಅಂದರೆ ಫಿಸಿಯೋಥೆರಪಿಯಲ್ಲಿ ಮಾಸ್ಟರ್ ಡಿಗ್ರಿ ಮಾಡಿದವರಾ, ವ್ಯಾಯಾಮ ಮಾಡಿಸುತ್ತಾರಾ? ಬಹಳ ಕಡೆ ಬಂದು ಡಾಕ್ಟರನ್ನೇ ಕೇಳಿ ಅಂದರು. ಕೆಲವರಿಗೆ ಪ್ರಶ್ನೆಯೇ ಹಿಡಿಸಲಿಲ್ಲ. ಒಂದಿಬ್ಬರು ಮಾತ್ರ ತಾಳ್ಮೆಯಿಂದ ಉತ್ತರ ಕೊಟ್ಟರು, ಆ ತಾಳ್ಮೆ ನೋಡಿಯೇ ಅಪಾಯಿಂಟ್‌ಮೆಂಟ್ ತಗೊಂಡೆವು.

ಈ ಭಾಗದವರಿಗೆ ಒಂದು ಮಾತು. ಖಾಸಗಿಯೇ ಆಗಬೇಕು ಅಂತಿಲ್ಲ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಅನ್ನುವ ಸರ್ಕಾರಿ ಆಸ್ಪತ್ರೆ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾದದ್ದು, ಅಲ್ಲಿ ಎಲುಬಿನ ವಿಭಾಗದ ಓಪಿಡಿ ಇದೆ. ಗದಗದಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು, ಜಿಮ್ಸ್, ಇದೆ. ಧಾರವಾಡದ ಸತ್ತೂರಿನ ಎಸ್‌ಡಿಎಂನಲ್ಲಿ ಮೆಡಿಕಲ್ ಕಾಲೇಜಿನ ಜೊತೆಗೆ ಫಿಸಿಯೋಥೆರಪಿ ಕಾಲೇಜೂ ಇದೆ. ಎಲ್ಲಿ ಫಿಸಿಯೋಥೆರಪಿ ಕಲಿಸುತ್ತಾರೋ ಅಲ್ಲಿ ವ್ಯಾಯಾಮ ಹೇಳಿಕೊಡುವ ಕೈಗಳೂ ಜಾಸ್ತಿ, ಅಲ್ವಾ? ಸರದಿಯಲ್ಲಿ ಕೂರುವ ಪುರುಸೊತ್ತು ಬೇಕು, ಅಷ್ಟೇ. ಆಯುಷ್ಮಾನ್ ಕಾರ್ಡ್ ಇದೆ ಅಂತ ನಂಬಿಕೊಂಡು ಮಾತ್ರ ಹೋಗಬೇಡಿ. ಅದು ಅಡ್ಮಿಟ್ ಆಗುವ ಚಿಕಿತ್ಸೆಗೆ ಇರುವುದು, ಓಪಿಡಿಯ ವ್ಯಾಯಾಮಕ್ಕೆ ಅಲ್ಲ. ಹೀಗಾಗಿ ಆಪರೇಶನ್ ಫ್ರೀ, ಆಪರೇಶನ್ ತಪ್ಪಿಸುವ ವ್ಯಾಯಾಮಕ್ಕೆ ಕೈಯಿಂದ ದುಡ್ಡು ಅನ್ನುವ ವಿಚಿತ್ರ ಪರಿಸ್ಥಿತಿ ಬರಬಹುದು.

ಕೊನೆಗೆ ನೋಡಿದ ಡಾಕ್ಟರು ಎಂಆರ್‌ಐ ಫಿಲ್ಮನ್ನು ಟೇಬಲ್ ಮೇಲೆ ಇಟ್ಟು, ಆಮೇಲೆ ನೋಡೋಣ ಅಂದರು. ಮೊದಲು ಕುತ್ತಿಗೆ ತಿರುಗಿಸಿ ನೋಡಿದರು, ಯಾಕೆಂದರೆ ಕುತ್ತಿಗೆಯ ನರ ಒತ್ತಿಕೊಂಡರೂ ನೋವು ಮೊಣಕೈಯ ಹೊರಬದಿಗೇ ಇಳಿಯಬಹುದು. ಬೆರಳಲ್ಲಿ ಜೋಮು ಇದೆಯಾ ಅಂತ ಕೇಳಿದರು. ಆಮೇಲೆ ಗಂಟಿನಿಂದ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ಒತ್ತಿದರು. ನೋವು ಗಂಟಿಗಿಂತ ಅಲ್ಲೇ ಜಾಸ್ತಿ ಇದ್ದರೆ ಅದು ರೇಡಿಯಲ್ ನರ ಸಿಕ್ಕಿಹಾಕಿಕೊಂಡ ಬೇರೆ ಕಾಯಿಲೆ ಇರಬಹುದಂತೆ. ಅಕ್ಕನಿಗೆ ನೋವು ಗಂಟಿನ ಮೇಲೇ. ಮುಷ್ಟಿ ಮೇಲಕ್ಕೆತ್ತಿಸಿ ಕೆಳಗೆ ಒತ್ತಿದರು. ಬೆರಳುಗಳನ್ನು ನೇರ ಚಾಚಿಸಿ ನಡುಬೆರಳೊಂದನ್ನೇ ಒತ್ತಿದರು, ಅಕ್ಕ ಕುರ್ಚಿಯಿಂದ ಅರ್ಧ ಎದ್ದಳು. ಕೊನೆಗೆ ಪ್ಲಾಸ್ಟಿಕ್ ಕುರ್ಚಿ ತೋರಿಸಿ, ಅಂಗೈ ಕೆಳಗೆ ಮಾಡಿ ಬೆನ್ನು ಹಿಡಿದು ಎತ್ತಿ ಅಂದರು. ಆಗಲಿಲ್ಲ. ಅಂಗೈ ಮೇಲೆ ಮಾಡಿ ಎತ್ತಿ ಅಂದರು. ಎತ್ತಿದಳು! ಅಕ್ಕನಿಗೇ ಆಶ್ಚರ್ಯ. ಅಂಗೈ ಮೇಲಿದ್ದರೆ ಭಾರ ಬೇರೆ ಸ್ನಾಯುಗಳ ಮೇಲೆ ಬೀಳುತ್ತದೆ, ಅಷ್ಟೇ ಗುಟ್ಟು.

ಮೊಣಕೈ ಕೀಲು ಸಡಿಲಾಗಿದೆಯಾ ಅಂತಲೂ ಎಳೆದು ನೋಡಿದರು. ಮೇಲಿಂದ ಮೇಲೆ ಸ್ಟೀರಾಯ್ಡ್ ಆದವರಲ್ಲಿ ಪಕ್ಕದ ಲಿಗಮೆಂಟ್ ಸಡಿಲಾಗಿರುವ ಸಾಧ್ಯತೆ ಇರುತ್ತದೆ, ಅದನ್ನು ತಪ್ಪಿಸಿಕೊಂಡರೆ ಯಾವ ವ್ಯಾಯಾಮವೂ ಹತ್ತುವುದಿಲ್ಲ. ಅದೂ ಸರಿ ಇತ್ತು. ಆಮೇಲೆ ಎಂಆರ್‌ಐ ನೋಡಿ ಹೇಳಿದರು: ಹರಿದದ್ದು ಸಣ್ಣದು, ಈ ವಯಸ್ಸಿನಲ್ಲಿ ನೋವೇ ಇಲ್ಲದವರ ಮೊಣಕೈಯ ಎಂಆರ್‌ಐ ತೆಗೆದರೂ ಇಂಥ ಬದಲಾವಣೆ ಕಾಣಬಹುದು, ಫಿಲ್ಮಿಗೆ ಚಿಕಿತ್ಸೆ ಕೊಡುವುದು ಬೇಡ. ಶುಗರ್‌ನ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಬರೆದುಕೊಟ್ಟರು, ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಕಂಡರ ಬೇಗ ಮಾಯುವುದಿಲ್ಲ. ಇನ್ನೊಂದು ಇಂಜೆಕ್ಷನ್ ಬೇಡ ಅಂದರು. ಧಾರವಾಡದ ಒಬ್ಬ ಫಿಸಿಯೋ ಹತ್ತಿರ ಕಳಿಸಿದರು. ನಮಗೆ ಬೇಕಾಗಿದ್ದ ಸ್ಪೆಷಲಿಸ್ಟು ನಿಜವಾಗಿ ಸಿಕ್ಕದ್ದು ಅಲ್ಲಿ, ಮೊದಲ ಮಹಡಿಯ ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ.

ಆ ಫಿಸಿಯೋ ಹೆಣ್ಣುಮಗಳು ಮೊದಲು ಮಾಡಿದ್ದು ಅಳತೆ. ಡೈನಮೋಮೀಟರ್ ಅನ್ನುವ ಹಿಡಿಯನ್ನು ನೋವು ಶುರುವಾಗುವವರೆಗೆ ಮಾತ್ರ ಹಿಚುಕಿಸಿದರು. ಎಡಗೈ 23 ಕೆಜಿ, ಬಲಗೈ 8. "ಇದು ನಿಮ್ಮ ಮೊದಲ ಮಾರ್ಕ್ಸ್ ಕಾರ್ಡು" ಅಂದರು. ಆಮೇಲೆ ಕೇಳಿದ ಪ್ರಶ್ನೆಯನ್ನು ಅಷ್ಟು ದಿನ ಯಾರೂ ಕೇಳಿರಲಿಲ್ಲ: ರೊಟ್ಟಿ ಹೇಗೆ ಬಡಿಯುತ್ತೀರಿ, ತೋರಿಸಿ. ಮುಂದಿನ ಸಲ ಹಿಟ್ಟು, ಪರಾತ ತಂದುಬಿಡಿ.

ತಂದೆವು. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಪರಾತ ಹಿಡಿದು ಕೂತ ನಮ್ಮನ್ನು ನೋಡಿ ಪಕ್ಕದವರಿಗೂ ನಗು. ಕ್ಲಿನಿಕ್ಕಿನ ನೆಲದ ಮೇಲೆ ಅಕ್ಕ ಚಕ್ಕಲಗಾಲು ಹಾಕಿ ಕೂತು ಬಡಿದಳು, ಫಿಸಿಯೋ ಫೋನಿನಲ್ಲಿ ವಿಡಿಯೋ ಹಿಡಿದು ನಿಧಾನ ಮಾಡಿ ತೋರಿಸಿದರು. ಪ್ರತಿ ಪೆಟ್ಟಿಗೂ ಕೈ ಮೇಲೆ ಹೋಗುವಾಗ ಬೆರಳುಗಳು ಬಿರುಸಾಗಿ ಹಿಂದಕ್ಕೆ ಬಾಗುತ್ತಿದ್ದವು, ಮಣಿಕಟ್ಟು ಮೇಲಕ್ಕೆ ಸೆಟೆಯುತ್ತಿತ್ತು. ಕೈ ಎತ್ತುವ ಕೆಲಸವನ್ನೆಲ್ಲ ಆ ಒಂದು ಕಂಡರವೇ ಮಾಡುತ್ತಿತ್ತು. ಪಕ್ಕದಲ್ಲಿ ಎಡಗೈ ಮಾತ್ರ ರೊಟ್ಟಿಯನ್ನು ಆರಾಮಾಗಿ ತಿರುಗಿಸುತ್ತಿತ್ತು. ಪರಾತ ನೆಲದ ಮೇಲೆ ಇದ್ದದ್ದರಿಂದ ಭುಜ ಮುಂದೆ ಬಾಗಿ ಅದರ ಸಹಾಯ ಏನೂ ಸಿಗುತ್ತಿರಲಿಲ್ಲ. ಇಷ್ಟು ವರ್ಷ ಅವಳ ಪಕ್ಕ ಕೂತು ಉಂಡ ನಮಗೆ ಯಾರಿಗೂ ಇದು ಕಂಡಿರಲಿಲ್ಲ, ಕಾಣುವುದಾದರೂ ಹೇಗೆ, ನಮ್ಮ ಕಣ್ಣು ರೊಟ್ಟಿಯ ಮೇಲೇ ಇರುತ್ತಿತ್ತು.

ಕೆಲಸ ಬಿಡಿ ಅಂತ ಅವರು ಹೇಳಲಿಲ್ಲ. ಹೇಳಿದ್ದರೆ ಅಕ್ಕ ಎದ್ದು ಬಂದುಬಿಡುತ್ತಿದ್ದಳು, "ಬಡಿಯೂದು ಬಿಟ್ರ ಹೊಟ್ಟಿಗೇನ್ ತಿನ್ನೂದ್ರಿ" ಅಂತ ಮೊದಲ ಭೇಟಿಯಲ್ಲೇ ಅಂದಿದ್ದಳು. ಬದಲಿಗೆ ಕೆಲಸವನ್ನು ಬಿಡಿಸಿ ಹಂಚಿದರು. ಮೊದಲ ಕೆಲವು ವಾರ ಬಲಗೈಯಿಂದ ಬಡಿಯುವುದು ಅರ್ಧಕ್ಕೆ ಇಳಿಸಬೇಕು, ಒಂದೇ ಕೂತಿಗೆ ಬಡಿಯದೆ ನಡುನಡುವೆ ಬೇಯಿಸುವ ಪಾಳಿ ತಗೋಬೇಕು. ಪರಾತ ಸೊಂಟದ ಎತ್ತರಕ್ಕೆ, ನಿಂತು ಬಡಿಯುವ ಹಾಗೆ. ಬಟ್ಟೆ ಹಿಂಡುವುದು ಬಂದ್, ತಟ್ಟೆಯಲ್ಲಿ ಒತ್ತಿ ನೀರು ತೆಗೆಯುವುದು. ಹಿಟ್ಟಿನ ಡಬ್ಬಿ, ಕೊಡ, ಏನೇ ಎತ್ತಿದರೂ ಅಂಗೈ ಮೇಲೆ, ಮೈಗೆ ಹತ್ತಿರ. ಇಕ್ಕಳದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು. ಎಸರು ಚೆನ್ನಾಗಿ ಕುದಿಸಿ ಹಾಕಿ ಹಿಟ್ಟಿಗೆ ಜಿಗಿ ಬರಿಸಿದರೆ ನಾದುವ ಶ್ರಮ ಕಡಿಮೆ ಅಂತ ಅಕ್ಕನೇ ಸೇರಿಸಿದಳು, ಇದನ್ನು ಫಿಸಿಯೋ ಬರೆದಿಟ್ಟುಕೊಂಡರು.

ವ್ಯಾಯಾಮ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಮುಂಗೈಯನ್ನು ಟೇಬಲ್ ಮೇಲೆ ಇಟ್ಟು, ಅಂಗೈ ಕೆಳಗೆ ಮಾಡಿ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನು ಅಲುಗಿಸದೆ 45 ಸೆಕೆಂಡ್ ನಿಲ್ಲಿಸುವುದು, ಐದು ಸಲ. ಎರಡು ಮೂರು ವಾರ ಅಷ್ಟೇ. ಆಮೇಲೆ ಎಡಗೈಯಿಂದ ಬಾಟಲಿ ಮೇಲೆತ್ತಿಕೊಟ್ಟು, ಬಲಗೈಯಿಂದ ಮೆಲ್ಲಗೆ ನಾಲ್ಕೈದು ಎಣಿಸುತ್ತಾ ಕೆಳಗೆ ಇಳಿಸುವುದು, ಹದಿನೈದರ ಮೂರು ಸುತ್ತು. ಭಾರ ನಿಧಾನಕ್ಕೆ ಒಂದು ಕೆಜಿ, ಒಂದೂವರೆ ಕೆಜಿ. ಜೊತೆಗೆ ತಿರುಚುವ ರಬ್ಬರ್ ದಂಡದ ವ್ಯಾಯಾಮ, ಭುಜಕ್ಕೆ ಬೇರೆ. ಕಂಡರಕ್ಕೆ ಭಾರ ಬಿದ್ದರೇನೇ ಅದು ಹೊಸ ನಾರು ಹಾಕಿಕೊಳ್ಳುತ್ತದೆ, ಜಾಸ್ತಿ ಬಿದ್ದರೆ ಮತ್ತೆ ಕೆಡುತ್ತದೆ. ಆ ನಡುವಿನ ಅಳತೆ ಹಿಡಿಯುವುದೇ ಫಿಸಿಯೋ ಕೆಲಸ. ಅದಕ್ಕೆ ಒಂದು ನಿಯಮ ಕೊಟ್ಟರು: ಹತ್ತರಲ್ಲಿ ಮೂರರಷ್ಟು ನೋವು ಬಂದರೆ ಹೆದರಬೇಡಿ, ಮರುದಿನ ಬೆಳಿಗ್ಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಭಾರ ಕಡಿಮೆ ಮಾಡಿ, ವ್ಯಾಯಾಮ ಬಿಡಬೇಡಿ.

ಮೊದಲ ತಿಂಗಳು ಏನೂ ಆಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಇಂಜೆಕ್ಷನ್ ಎರಡು ದಿನಕ್ಕೆ ಕೊಟ್ಟ ಸುಖ ಇಲ್ಲಿ ಇಲ್ಲ. ಭಾವನಂತೂ "ಬಾಟ್ಲಿ ಎತ್ತಾಕ ಧಾರವಾಡಕ್ಕ ಹೋಗಬೇಕೇನ" ಅಂತ ದಿನಾ ಕಿಚಾಯಿಸುತ್ತಿದ್ದ. ಗದಗದಿಂದ ಪ್ರತಿ ಸಲ ಧಾರವಾಡಕ್ಕೆ ಬಂದು ಹೋಗುವುದು ಅರ್ಧ ದಿನದ ಆರ್ಡರ್ ಕಳಕೊಂಡ ಹಾಗೆ. ಅದಕ್ಕೂ ಫಿಸಿಯೋ ದಾರಿ ಮಾಡಿದರು, ವಾರಕ್ಕೊಮ್ಮೆ ವಿಡಿಯೋ ಕಾಲ್, ಭಾರ ಏರಿಸುವಾಗ ಮಾತ್ರ ನೇರ ಭೇಟಿ. ಆ ಕಾಲ್‌ಗಳಲ್ಲಿ ಅಕ್ಕ ವ್ಯಾಯಾಮ ತಪ್ಪಿಸಿದ್ದು ಗೊತ್ತಾಗಿಬಿಡುತ್ತಿತ್ತು, ಬಾಟಲಿ ಹಿಡಿದ ಕೈ ನಡುಗುತ್ತಿತ್ತು.

ಎರಡನೇ ತಿಂಗಳ ನಡುವೆ ಚಹಾ ಕಪ್ಪು ನೋವಿಲ್ಲದೆ ಎದ್ದಿತು. ಅಷ್ಟರಲ್ಲಿ ಎಳ್ಳ ಅಮವಾಸ್ಯೆ ಬಂತು. ಹೊಲಕ್ಕೆ ಚರಗ ಚೆಲ್ಲಲು ಹೋಗುವವರ ಬುತ್ತಿಗೆ ಸಜ್ಜೆ ರೊಟ್ಟಿ ಆರ್ಡರ್ ಮೇಲೆ ಆರ್ಡರ್, ಅಕ್ಕ ಹಳೇ ಲೆಕ್ಕದಲ್ಲೇ ಬಡಿದಳು. ನೋವು ವಾಪಸ್. ಈ ಸಲ ಅವಳು ಅತ್ತಳು, ಮತ್ತೆ ಮೊದಲಿನಿಂದ ಶುರುವಾಯಿತು ಅಂತ. ಫಿಸಿಯೋ ಗಾಬರಿ ಆಗಲಿಲ್ಲ. ಎರಡು ವಾರ ಬಾಟಲಿ ನಿಲ್ಲಿಸುವ ಮೊದಲಿನ ವ್ಯಾಯಾಮಕ್ಕೆ ಇಳಿಸಿದರು, ಬೆಲ್ಟನ್ನು ಸರಿಯಾದ ಜಾಗಕ್ಕೆ ಕಟ್ಟಿ ಕೆಲಸದ ಹೊತ್ತಿಗೆ ಮಾತ್ರ ಹಾಕಿಸಿದರು. ಇಳಿಯಿತು. ಇಂಜೆಕ್ಷನ್ ಆದ ಮೇಲೆ ನೋವು ವಾಪಸ್ ಬಂದಾಗ ನಮ್ಮ ಕೈಯಲ್ಲಿ ಏನೂ ಇರಲಿಲ್ಲ, ಇನ್ನೊಂದು ಇಂಜೆಕ್ಷನ್ ಬಿಟ್ಟರೆ. ಈಗ ಏನು ಮಾಡಬೇಕು ಅಂತ ಅಕ್ಕನಿಗೇ ಗೊತ್ತಿತ್ತು.

ಯುಗಾದಿ ಆದ ಮೇಲೆ ಮತ್ತೆ ಹಿಡಿ ಹಿಚುಕಿಸಿದಾಗ ಬಲಗೈ 20 ಕೆಜಿ. ಎಚ್‌ಬಿಎ1ಸಿಯೂ ಇಳಿದಿತ್ತು. ಬಿಳಿ ಕಲೆ ಅಂಚಿನಿಂದ ಬಣ್ಣ ತುಂಬಿಕೊಳ್ಳುತ್ತಾ ಬಂದಿದೆ, ಪೂರ್ತಿ ಹೋಗಿಲ್ಲ. ತಗ್ಗು ಹಾಗೇ ಇದೆ.

ಇಲ್ಲಿ ನ್ಯಾಯವಾಗಿ ಒಂದು ಪ್ರಶ್ನೆ ಏಳುತ್ತದೆ. ಕಾದವರಲ್ಲೇ ಶೇ. 83 ಮಂದಿಗೆ ವರ್ಷದಲ್ಲಿ ಗುಣ ಆಗುವುದಾದರೆ, ಅಕ್ಕನಿಗೆ ಗುಣ ಮಾಡಿದ್ದು ವ್ಯಾಯಾಮವೋ ಕಾಲವೋ? ಒಂದೇ ಕೇಸಿನಿಂದ ಇದನ್ನು ಬಿಡಿಸಿ ಹೇಳಲು ಬರುವುದಿಲ್ಲ. ಆದರೆ ಅವಳು ಧಾರವಾಡದ ಮೆಟ್ಟಿಲು ಹತ್ತಿದಾಗ ಆಗಲೇ ಒಂದು ವರ್ಷ ಮುಗಿದಿತ್ತು, ಎರಡು ಇಂಜೆಕ್ಷನ್ ಆಗಿತ್ತು, ಕೈ ದಿನಕ್ಕೆ ದಿನ ಕೆಡುತ್ತಿತ್ತು. ಸುಮ್ನೆ ಕೂತು ಕಾಯುವ ಅನುಕೂಲ ಅವಳಿಗೆ ಇರಲಿಲ್ಲ, ಕೆಲಸ ಮಾಡುತ್ತಲೇ ಗುಣ ಆಗುವ ದಾರಿ ಬೇಕಿತ್ತು. ಹೊಸದಾಗಿ ನೋವು ಬಂದವರು ಎರಡು ಮೂರು ತಿಂಗಳು ಕೆಲಸದ ರೀತಿ ಬದಲಿಸಿ ಕಾದು ನೋಡಿದರೂ ತಪ್ಪಿಲ್ಲ ಅನ್ನಿಸುತ್ತದೆ. ಬೆರಳಿಗೆ ಜೋಮು, ಮಣಿಕಟ್ಟು ಎತ್ತಲೇ ಆಗದಷ್ಟು ಬಲಹೀನತೆ, ಕೀಲು ಊದಿ ಬಿಸಿಯಾಗುವುದು, ಮೊಣಕೈ ಸಿಕ್ಕಿಕೊಂಡಂತೆ ನಿಲ್ಲುವುದು, ಬಿದ್ದ ಮೇಲೆ ಶುರುವಾದ ನೋವು, ಇವು ಇದ್ದರೆ ಮಾತ್ರ ಕಾಯಬಾರದು, ಅದು ಬೇರೆ ಕಾಯಿಲೆ ಇರಬಹುದು.

ಈಗಿನ ಸ್ಥಿತಿ ಹೀಗಿದೆ. ಕಡಕ್ ರೊಟ್ಟಿಯ ಪಾರ್ಸಲ್ ಆರ್ಡರಿಗೆ ಒಂದು ಒತ್ತುವ ಮಷಿನ್ ತಂದಿದ್ದಾಳೆ. ಮಷಿನ್ ರೊಟ್ಟಿ ದಪ್ಪ ಅಂತ ಖಾನಾವಳಿಯವರು ಒಪ್ಪಲಿಲ್ಲ, ಅವರಿಗೆ ಕೈಯಿಂದಲೇ, ಆದರೆ ಮೊದಲಿನ ಮುಕ್ಕಾಲು ಪಾಲಷ್ಟೇ, ಉಳಿದದ್ದು ಸಹಾಯದ ಹೆಣ್ಣುಮಕ್ಕಳ ಪಾಲು. ಅವರಿಬ್ಬರಿಗೂ ನಿಂತು ಬಡಿಯುವುದನ್ನು ಕಡ್ಡಾಯ ಮಾಡಿದ್ದಾಳೆ. ಅದರಲ್ಲಿ ಒಬ್ಬಳಿಗೆ ಈಗ ಬಟ್ಟೆ ಹಿಂಡುವಾಗ ಮೊಣಕೈ ಚಳಕ್ ಅನ್ನುತ್ತಿದೆಯಂತೆ, ಅವಳನ್ನು ಮುಂದಿನ ವಾರ ನೇರ ಧಾರವಾಡಕ್ಕೇ ಕರೆದುಕೊಂಡು ಹೋಗುತ್ತಾಳೆ.